ಗಾಂಜಾದ ದಾರಿ, ಗಡಿಯ ನಾಲ್ಕು ತಾಲ್ಲೂಕು

ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು ನಾಲ್ಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಪಾವಗಡಕ್ಕೆ ಮೂರು ದಿಕ್ಕಿನಲ್ಲೂ ಆಂಧ್ರಪ್ರದೇಶ. ಮಧುಗಿರಿಯ ಗಡಿ ಹಳ್ಳಿಗಳಿಗೆ ಮಡಕಶಿರಾ, ಹಿಂದೂಪುರಗಳೇ ಹತ್ತಿರದ ಪೇಟೆ. ಶಿರಾದ ಅಂಚಿನವರಿಗೆ ಅಗಳಿ, ಅಮರಾಪುರ ಪಕ್ಕದ ಊರು. ಕೊರಟಗೆರೆಯೊಂದೇ ಆಂಧ್ರವನ್ನು ಮುಟ್ಟುವುದಿಲ್ಲ. ಆದರೆ ಪಾವಗಡ, ಮಧುಗಿರಿಯಿಂದ ಹೊರಟ ಬಸ್ಸು ಬೆಂಗಳೂರು, ತುಮಕೂರಿನ ದಾರಿಯಲ್ಲಿ ಅದರ ಪೇಟೆಯನ್ನು ಹಾಯುತ್ತದೆ.

ಗಡಿಯಾಚೆಯ ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಕನ್ನಡ ಮನೆಮಾತು. ಕನ್ನಡ ಶಾಲೆಗಳೂ ಇವೆ. ಗಡಿಯ ಈಚೆ ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಹೆಣ್ಣು ಕೊಡುವುದು ತರುವುದು, ಕಡಲೆಕಾಯಿ ವ್ಯಾಪಾರ, ಕುರಿ ಸಂತೆ, ಆಸ್ಪತ್ರೆ, ಪಾವಗಡದ ಶನಿಮಹಾತ್ಮನ ದರ್ಶನ, ಇವು ಯಾವುದಕ್ಕೂ ಗಡಿಯ ಕಲ್ಲು ಅಡ್ಡ ಬಂದಿಲ್ಲ. ಕೊಡಿಕೊಂಡದಿಂದ ಲೇಪಾಕ್ಷಿ, ಹಿಂದೂಪುರ, ಮಡಕಶಿರಾ ಹಾದು ಶಿರಾ ಸೇರುವ 544ಇ ರಾಷ್ಟ್ರೀಯ ಹೆದ್ದಾರಿಯಂತೂ ಎರಡು ಮಹಾಮಾರ್ಗಗಳನ್ನೇ ಬೆಸೆಯುತ್ತದೆ. ಒಂದು ತುದಿಯಲ್ಲಿ ಹೈದರಾಬಾದ್–ಬೆಂಗಳೂರಿನ 44, ಇನ್ನೊಂದು ತುದಿಯಲ್ಲಿ ಬೆಂಗಳೂರು–ಪುಣೆ–ಮುಂಬೈನ 48. ಹುಣಸೆಹಣ್ಣು, ಟೊಮೆಟೊ, ದಾಳಿಂಬೆ ತುಂಬಿದ ಲಾರಿಗಳು ಹಗಲೂ ರಾತ್ರಿ ಓಡಾಡುತ್ತವೆ.

ಗಾಂಜಾಕ್ಕೂ ಬೇಕಾದದ್ದು ಇಂಥದೇ ದಾರಿ. ಹುಡುಗರ ಬಾಯಲ್ಲಿ ‘ಸೊಪ್ಪು’ ಎನಿಸಿಕೊಂಡಿರುವ ಈ ಸರಕು ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ರೈಲಿನಲ್ಲಿ, ಬಸ್ಸಿನಲ್ಲಿ, ತರಕಾರಿ ಗಾಡಿಯ ತಳದಲ್ಲಿ ನಮ್ಮ ಕಡೆ ಬರುತ್ತದೆ ಎಂಬುದು ಪೊಲೀಸರ ಪತ್ರಿಕಾ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಇದನ್ನು ತಡೆಯುವ ಕೆಲಸವನ್ನು ಒಂದು ಠಾಣೆಯ, ಒಂದು ಜಿಲ್ಲೆಯ ಕೆಲಸವೆಂದು ತಿಳಿದರೆ ಸೋಲು ನಿಶ್ಚಿತ. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಅರವತ್ತು ವರ್ಷಗಳಿಂದ ದೇಶದೇಶಗಳು ದುಬಾರಿ ಬೆಲೆ ತೆತ್ತು ಕಲಿತ ಪಾಠ. ಅದನ್ನು ಹೇಳಲು ಅಫ್ಘಾನಿಸ್ತಾನಕ್ಕೆ ಹೋಗಿ ಬರಬೇಕು.

ಅಲ್ಲಿನ ದಕ್ಷಿಣದ ಹೆಲ್ಮಂದ್, ಕಂದಹಾರ್ ಪ್ರಾಂತ್ಯಗಳು ನಮ್ಮ ಪಾವಗಡಕ್ಕಿಂತಲೂ ಒಣನೆಲ. ನಾಲ್ಕು ದಶಕ ಕಾದಾಟ ಕಂಡ ನೆಲ. ಕಾಲುವೆ ಒಡೆದಿತ್ತು, ರಸ್ತೆಯಲ್ಲಿ ಬಾಂಬು ಹುದುಗಿತ್ತು, ಬ್ಯಾಂಕು ಇರಲಿಲ್ಲ. ದಾಳಿಂಬೆ ಬೆಳೆದರೆ ಮಾರುಕಟ್ಟೆ ಮುಟ್ಟುವ ಮುಂಚೆ ಕೊಳೆಯುತ್ತಿತ್ತು. ಅಫೀಮು ಕೊಳೆಯುವುದಿಲ್ಲ. ಗಸಗಸೆ ಕಾಯಿಯನ್ನು ಗೀರಿ ತೆಗೆದ ಅಂಟನ್ನು ಮಡಕೆಯಲ್ಲಿ ಹೂತಿಟ್ಟರೆ ವರ್ಷಗಟ್ಟಲೆ ಕೆಡದು. ಮದುವೆಗೋ ಕಾಯಿಲೆಗೋ ಬೇಕಾದಾಗ ತೆಗೆದು ಮಾರಬಹುದು. ವ್ಯಾಪಾರಿ ಮನೆ ಬಾಗಿಲಿಗೇ ಬರುತ್ತಾನೆ, ಬಿತ್ತುವ ಮೊದಲೇ ಮುಂಗಡ ಕೊಡುತ್ತಾನೆ. ಆ ಮುಂಗಡಕ್ಕೆ ಅಲ್ಲಿ ‘ಸಲಾಂ’ ಎನ್ನುತ್ತಾರೆ. ಕಡಲೆಕಾಯಿ ಮಂಡಿಯವರ ಹತ್ತಿರ ಬಿತ್ತನೆಗೆ ಸಾಲ ತಂದು, ಸುಗ್ಗಿಯಲ್ಲಿ ಅವರು ಹೇಳಿದ ಬೆಲೆಗೇ ಮೂಟೆ ಅಳೆದುಕೊಟ್ಟವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಿಲ್ಲ. ವ್ಯತ್ಯಾಸ ಒಂದೇ: ಅಲ್ಲಿ ಸಾಲ ತೀರಿಸಲಾಗದಿದ್ದರೆ ಎದುರಿಗೆ ನಿಲ್ಲುವವನ ಕೈಯಲ್ಲಿ ಬಂದೂಕು ಇರುತ್ತಿತ್ತು.

2001ರ ನಂತರ ಅಮೆರಿಕ ಮತ್ತು ಮಿತ್ರ ದೇಶಗಳು ಅಲ್ಲಿಗೆ ಕಾಲಿಟ್ಟಾಗ ಮಾದಕವಸ್ತು ತಡೆಯ ಹೊಣೆಯನ್ನು ಹಂಚಿಕೊಂಡವು, ಬ್ರಿಟನ್ ಮುಂದಾಳಾಯಿತು. ಬೆಳೆ ಕಡಿದ ರೈತನಿಗೆ ಪರಿಹಾರವೆಂದು ಹಣ ಕೊಟ್ಟರು. ಹಣ ಬರುತ್ತದೆಂದು ತಿಳಿದು ಹೊಸಬರೂ ಬಿತ್ತಿದರು. ಆಮೇಲೆ ಟ್ರ್ಯಾಕ್ಟರ್ ಹೊಡೆಸಿ ನಾಶ ಮಾಡಿಸಿದರು. ಹಣವಂತ ಲಂಚ ಕೊಟ್ಟು ಹೊಲ ಉಳಿಸಿಕೊಂಡ, ಬಡವ ಹೊಲ ಕಳೆದುಕೊಂಡು ತಾಲಿಬಾನಿನ ಕಡೆಗೆ ವಾಲಿದ. 2002ರಿಂದ 2017ರವರೆಗೆ ಅಮೆರಿಕವೊಂದೇ ಈ ಕೆಲಸಕ್ಕೆ ಸುರಿದದ್ದು ಸುಮಾರು 862 ಕೋಟಿ ಡಾಲರ್. ಅದೇ ಅವಧಿಯಲ್ಲಿ ಗಸಗಸೆ ಬೆಳೆಯುವ ನೆಲ 74 ಸಾವಿರ ಹೆಕ್ಟೇರಿನಿಂದ 3 ಲಕ್ಷ 28 ಸಾವಿರ ಹೆಕ್ಟೇರಿಗೆ ಏರಿತು.

ಆಮೇಲೆ ನಡೆದದ್ದು ಎಲ್ಲರ ಲೆಕ್ಕವನ್ನೂ ಬುಡಮೇಲು ಮಾಡಿತು. 2021ರ ಆಗಸ್ಟ್‌ನಲ್ಲಿ ಅಧಿಕಾರ ಹಿಡಿದ ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಗಸಗಸೆಯನ್ನು ನಿಷೇಧಿಸಿತು. 2022ರಲ್ಲಿ 2 ಲಕ್ಷ 33 ಸಾವಿರ ಹೆಕ್ಟೇರಿನಲ್ಲಿದ್ದ ಬೆಳೆ 2023ರಲ್ಲಿ 10,800 ಹೆಕ್ಟೇರಿಗೆ ಇಳಿಯಿತು ಎಂದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ, ಯುಎನ್‌ಒಡಿಸಿ, ಉಪಗ್ರಹದ ಚಿತ್ರ ನೋಡಿ ಹೇಳಿತು. ನೂರಕ್ಕೆ ತೊಂಬತ್ತೈದು ಭಾಗ ಕುಸಿತ. ಜಗತ್ತು ನಿಟ್ಟುಸಿರು ಬಿಡಬೇಕಿತ್ತು. ಬಿಡಲಾಗಲಿಲ್ಲ, ಏಕೆಂದರೆ ರೈತನ ಕೈಗೆ ಬದಲಿಯಾಗಿ ಸಿಕ್ಕದ್ದು ಗೋಧಿ. ಆಗ ಒಂದು ಹೆಕ್ಟೇರ್ ಅಫೀಮಿಗೆ ಸುಮಾರು 10 ಸಾವಿರ ಡಾಲರ್ ಬರುತ್ತಿದ್ದ ಕಡೆ ಗೋಧಿಗೆ ಬರುತ್ತಿದ್ದುದು 770 ಡಾಲರ್. ಅಫೀಮು ಬೆಳೆಯುವವರ ಆದಾಯ ಒಂದೇ ವರ್ಷದಲ್ಲಿ 136 ಕೋಟಿ ಡಾಲರಿನಿಂದ 11 ಕೋಟಿಗೆ ಬಿತ್ತು. 2024ರ ಮೇ ತಿಂಗಳಲ್ಲಿ ಬದಖ್ಶಾನ್‌ನಲ್ಲಿ ಬೆಳೆ ಕಡಿಯಲು ಬಂದವರ ವಿರುದ್ಧ ರೈತರು ತಿರುಗಿಬಿದ್ದರು. ಗುಂಡಿಗೆ ಜನ ಸತ್ತರು.

ಇತ್ತ ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿಯ ಸೇನಾ ದಂಗೆಯ ನಂತರ ಅಂತರ್ಯುದ್ಧ ಹೊತ್ತಿತ್ತು. ಅಫ್ಘಾನಿಸ್ತಾನ ಬಿಟ್ಟ ಸ್ಥಾನವನ್ನು ಅದು ತುಂಬಿತು. 2023ರಲ್ಲಿ 1,080 ಟನ್ ಅಫೀಮು ಬೆಳೆದು ಜಗತ್ತಿನಲ್ಲೇ ಮೊದಲ ಸ್ಥಾನಕ್ಕೆ ಬಂತು. ಅದರ ಜೊತೆಗೆ ಮೆಥಾಂಫೆಟಮಿನ್ ಎಂಬ ಕಾರ್ಖಾನೆಯ ವಿಷ. ಅದಕ್ಕೆ ಹೊಲ ಬೇಡ, ಮಳೆ ಬೇಡ. ರಾಸಾಯನಿಕ, ಒಂದು ಶೆಡ್ಡು, ಕಾನೂನು ಮುಟ್ಟದ ಒಂದು ಕಣಿವೆ ಇದ್ದರೆ ಸಾಕು.

ಈ ಎರಡು ದೇಶಗಳ ನಡುವೆ ಇರುವುದು ಭಾರತ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರುಗಳಿಂದ 2,988 ಕಿಲೊ ಹೆರಾಯಿನ್ ಸಿಕ್ಕಿತು. ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು ಎಂದು ಕಾಗದದಲ್ಲಿ ಬರೆದಿತ್ತು. ಹಡಗು ಹತ್ತಿಸಿದ್ದು ಇರಾನಿನ ಬಂದರ್ ಅಬ್ಬಾಸ್‌ನಲ್ಲಿ. ಸರಕು ತರಿಸಿದವರ ವಿಳಾಸ ಇದ್ದದ್ದು ಆಂಧ್ರದ ವಿಜಯವಾಡ. ಮೂರು ದೇಶ, ಎರಡು ಬಂದರು, ಒಂದು ಸುಳ್ಳು ಕಾಗದ. 2024ರ ನವೆಂಬರ್‌ನಲ್ಲಿ ಅಂಡಮಾನ್ ಸಮುದ್ರದಲ್ಲಿ ಕರಾವಳಿ ಕಾವಲು ಪಡೆ ಮ್ಯಾನ್ಮಾರ್‌ನ ಮೀನುಗಾರಿಕಾ ದೋಣಿಯೊಂದರಿಂದ ಹಿಡಿದ ಮೆಥಾಂಫೆಟಮಿನ್ ಸುಮಾರು 6 ಸಾವಿರ ಕಿಲೊ. 2025ರ ಮಾರ್ಚ್‌ನಲ್ಲಿ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಬಹುರಾಷ್ಟ್ರೀಯ ನೌಕಾಪಡೆಗಳ ಜೊತೆ ಕೈಜೋಡಿಸಿದ್ದ ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ತರ್ಕಶ್ 2,500 ಕಿಲೊ ಚರಸ್ ಮತ್ತು ಹೆರಾಯಿನ್ ವಶಪಡಿಸಿಕೊಂಡಿತು. ಅದೇ ತಿಂಗಳು ಮಂಗಳೂರು ಪೊಲೀಸರು ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಹಿಡಿದು ಎಂಡಿಎಂಎ ಎಂಬ ಮಾದಕವಸ್ತುವನ್ನು 37 ಕಿಲೊಗೂ ಹೆಚ್ಚು ವಶಪಡಿಸಿಕೊಂಡರು.

ದೊಡ್ಡ ಬೇಟೆಗಳ ಹಿಂದೆ ಒಂದೇ ಗುಟ್ಟು: ಒಂದು ಕಡೆಯವರಿಗೆ ತಿಳಿದದ್ದು ಇನ್ನೊಂದು ಕಡೆಯವರಿಗೆ ಸಕಾಲದಲ್ಲಿ ತಲುಪಿರುತ್ತದೆ. ಸರಕು ಗಡಿ ದಾಟುವುದಕ್ಕೆ ಹಣ ಸಾಕು. ಮಾಹಿತಿ ಗಡಿ ದಾಟಬೇಕಾದರೆ ನಂಬಿಕೆ ಬೇಕು, ಕಾನೂನು ಬೇಕು, ಫೋನ್ ಎತ್ತುವ ಒಬ್ಬ ಅಧಿಕಾರಿ ಬೇಕು.

ಆ ಕಾನೂನು ಹುಟ್ಟಿದ ಬಗೆಯೂ ತಿಳಿಯಬೇಕಾದದ್ದೇ. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ದೇಶಗಳು ಸೇರಿ ಮಾದಕವಸ್ತುಗಳ ಏಕ ಒಪ್ಪಂದ ಮಾಡಿಕೊಂಡವು. ಗಾಂಜಾದ ಬಳಕೆ ಸಂಪ್ರದಾಯವಾಗಿದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷದ ಗಡುವು ಸಿಕ್ಕಿತು. ಭಂಗಿ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟದ್ದರಲ್ಲಿ ಭಾರತದ ಒತ್ತಾಯವೂ ಇತ್ತು. ಗಡುವು ಹತ್ತಿರ ಬಂದಾಗ ನಮ್ಮ ಸಂಸತ್ತು ಮಾದಕವಸ್ತು ತಡೆಗೆ ಎನ್‌ಡಿಪಿಎಸ್ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಮರುವರ್ಷ ಮಾರ್ಚ್‌ನಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೊ, ಎನ್‌ಸಿಬಿ, ಹುಟ್ಟಿತು. 1988ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದವಾಗಿ, ಕಳ್ಳಸಾಗಣೆದಾರರ ಆಸ್ತಿ ಮುಟ್ಟುಗೋಲು, ಕಚ್ಚಾ ರಾಸಾಯನಿಕಗಳ ಮೇಲಿನ ನಿಗಾ, ಪರಸ್ಪರ ಕಾನೂನು ನೆರವು ಎಲ್ಲ ಸೇರಿಕೊಂಡವು. ಮಧುಗಿರಿ ಠಾಣೆಯಲ್ಲಿ ಇಂದು ಒಬ್ಬ ಪಿಎಸ್‌ಐ ಗಾಂಜಾ ಮಹಜರು ಬರೆಯುವಾಗ ಅವರ ಲೇಖನಿಯ ಹಿಂದೆ ನ್ಯೂಯಾರ್ಕ್, ವಿಯೆನ್ನಾಗಳ ಸಹಿಗಳಿವೆ.

ವಿಯೆನ್ನಾ ಒಪ್ಪಂದ ಒಂದು ಉಪಾಯವನ್ನೂ ಕೊಟ್ಟಿತು. ಸರಕು ಕಂಡೊಡನೆ ಹಿಡಿಯದೆ, ಗುಟ್ಟಾಗಿ ಕಾವಲು ಇಟ್ಟು ಅದು ಹೋಗುವ ಕೊನೆಯ ಮನೆಯವರೆಗೆ ಬಿಡುವುದು. ನಮ್ಮ ಕಾಯ್ದೆಯ 50ಎ ಕಲಮು ಇದನ್ನು ಒಪ್ಪಿದೆ. ಇದರ ಮಹತ್ವ ತಿಳಿಯಬೇಕಾದರೆ ಗಾಂಜಾ ಜಾಲದ ಕೆಳಮೆಟ್ಟಿಲನ್ನು ನೋಡಬೇಕು. ಬಸ್ ನಿಲ್ದಾಣದಲ್ಲಿ ಚೀಲದ ಸಮೇತ ಸಿಕ್ಕಿಬೀಳುವವನು ಬಹುತೇಕ ಒಂದು ಸಲದ ಕೂಲಿಗೆ ಬಂದವನು. ಚೀಲ ಕೊಟ್ಟವನ ನಿಜವಾದ ಹೆಸರು ಅವನಿಗೆ ಗೊತ್ತಿರುವುದಿಲ್ಲ, ತೆಗೆದುಕೊಳ್ಳುವವನ ಮುಖ ನೋಡಿರುವುದಿಲ್ಲ. 20 ಕಿಲೊಗಿಂತ ಹೆಚ್ಚಿದ್ದರೆ ಕಾನೂನಿನ ಕಣ್ಣಲ್ಲಿ ಅದು ವಾಣಿಜ್ಯ ಪ್ರಮಾಣ. 10ರಿಂದ 20 ವರ್ಷ ಜೈಲು, ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಜಾಮೀನು ದುರ್ಲಭ. ಒಬ್ಬ ಬಡ ಹುಡುಗ ಹತ್ತು ವರ್ಷಕ್ಕೆ ಒಳಗೆ ಹೋಗುತ್ತಾನೆ, ಮರುವಾರ ಇನ್ನೊಬ್ಬ ಚೀಲ ಹೊರುತ್ತಾನೆ. ಧಣಿಯನ್ನು ಹಿಡಿಯಬೇಕಾದರೆ ಚೀಲವನ್ನು ಅನುಸರಿಸಿ ಹೋಗಬೇಕು. ಅನುಸರಿಸುವಾಗ ಹಿಂದೂಪುರದ ಪೊಲೀಸರು ಮಧುಗಿರಿಯವರಿಗೆ, ಮಧುಗಿರಿಯವರು ಶಿರಾದವರಿಗೆ, ಶಿರಾದವರು ಚಿತ್ರದುರ್ಗದವರಿಗೆ ಅದೇ ಗಳಿಗೆಯಲ್ಲಿ ಹೇಳಬೇಕು. ಕೇಸು ಯಾರ ಹೆಸರಿಗೆ, ಬಹುಮಾನ ಯಾರಿಗೆ ಎಂಬ ಮೇಲಾಟ ಶುರುವಾದರೆ ಸರಪಳಿ ಅಲ್ಲೇ ತುಂಡಾಗುತ್ತದೆ.

ನಮಗೆ ಅಫ್ಘಾನಿಸ್ತಾನಕ್ಕಿಂತ ಹತ್ತಿರದ ಸಂಘರ್ಷಪೀಡಿತ ನೆಲ ಆಂಧ್ರ–ಒಡಿಶಾ ಗಡಿ. ಆಂಧ್ರದ ಚಿಂತಪಲ್ಲಿ, ಜಿ. ಮಾಡುಗುಲ, ಪೆದಬಯಲು, ಮುಂಚಿಂಗಿಪುಟ್ಟು. ಒಡಿಶಾದ ಮಲ್ಕಾನ್‌ಗಿರಿ, ಕೊರಾಪುಟ್. ಈ ಕಾಡುಗಳಲ್ಲಿ ದಶಕಗಟ್ಟಲೆ ಮಾವೋವಾದಿಗಳು ಮತ್ತು ಪೊಲೀಸರ ನಡುವೆ ಆದಿವಾಸಿಗಳು ನಲುಗಿದರು. ಬಲಿಮೇಲಾ ಜಲಾಶಯದ ಹಿನ್ನೀರು ಸುತ್ತುವರಿದ ಹಳ್ಳಿಗಳಿಗೆ ದೋಣಿಯ ಹೊರತು ದಾರಿಯೇ ಇರಲಿಲ್ಲ. ಗುರುಪ್ರಿಯಾ ಸೇತುವೆ ತೆರೆದದ್ದು 2018ರಲ್ಲಿ. ರಸ್ತೆ, ಶಾಲೆ, ಪಡಿತರ ಮುಟ್ಟದ ಕಡೆ ವ್ಯಾಪಾರಿ ಮುಟ್ಟಿದ. ‘ಶೀಲಾವತಿ’ ಎಂಬ ತಳಿಯ ಬೀಜ ಕೊಟ್ಟ, ಮುಂಗಡ ಕೊಟ್ಟ. ಕಂದಹಾರದಲ್ಲಿ ಆದದ್ದೇ ಇಲ್ಲೂ ಆಯಿತು, ಮಾಲು ಮಾತ್ರ ಬೇರೆ.

ಆಂಧ್ರ ಪೊಲೀಸರು ‘ಪರಿವರ್ತನ’ ಎಂಬ ಕಾರ್ಯಾಚರಣೆ ನಡೆಸಿ 7 ಸಾವಿರ ಎಕರೆಗೂ ಹೆಚ್ಚು ಗಾಂಜಾ ನಾಶ ಮಾಡಿದರು. 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿ ಹತ್ತಿರ ಸುಮಾರು 2 ಲಕ್ಷ ಕಿಲೊ ಗಾಂಜಾವನ್ನು ಒಟ್ಟಿ ಸುಟ್ಟರು. ಕಾಫಿ, ಮೆಣಸು, ಅರಿಸಿನ, ರಾಜ್ಮಾ ಬೆಳೆಯಲು ಆದಿವಾಸಿಗಳಿಗೆ ನೆರವು ಕೊಟ್ಟರು. ಅರಕು ಕಣಿವೆಯ ಕಾಫಿಗೆ ಹೊರದೇಶದಲ್ಲೂ ಹೆಸರಿದೆ, ಆದ್ದರಿಂದ ಅಲ್ಲಿನ ರೈತನಿಗೆ ಹೆಲ್ಮಂದ್‌ನ ಗೋಧಿ ರೈತನಿಗೆ ಇಲ್ಲದ ಒಂದು ಆಸರೆ ಇದೆ. ಆಂಧ್ರದ ಕಡೆ ಬೆಳೆ ಬಹಳ ಇಳಿಯಿತು. ಆದರೆ ಒಡಿಶಾದ ಕಡೆ ನಿಲ್ಲಲಿಲ್ಲ. ಈಗ ಸರಕು ಅಲ್ಲಿಂದ ಇಳಿದು ಆಂಧ್ರವನ್ನು ಹಾದು ಬರುತ್ತದೆ. ಎರಡು ರಾಜ್ಯಗಳು ಒಂದೇ ಋತುವಿನಲ್ಲಿ, ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ, ಒಟ್ಟಿಗೆ ಕೆಲಸ ಮಾಡದಿದ್ದರೆ ಆಗುವುದು ಇಷ್ಟೇ. ಕಾಫಿ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಗಾಂಜಾ ಕೆಲವೇ ತಿಂಗಳಿನಲ್ಲಿ ಕೈಗೆ ಬರುತ್ತದೆ. ಆ ನಡುವಿನ ವರ್ಷಗಳಲ್ಲಿ ಮನೆಯ ಒಲೆ ಉರಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡದ ಯಾವ ಕಾರ್ಯಾಚರಣೆಯನ್ನೂ ನಾನು ಗೆಲುವು ಎನ್ನಲಾರೆ.

ಪಾವಗಡಕ್ಕೂ ಬಂದೂಕಿನ ನೆನಪು ಇದೆ. 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್‌ನಲ್ಲಿ ಸತ್ತ ಕೆಲವೇ ದಿನಗಳಲ್ಲಿ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ದಾಳಿ ನಡೆಯಿತು. ಹಲವು ಪೊಲೀಸರು ಹತರಾದರು. ಊರಿನ ಹಿರಿಯರು ಆ ರಾತ್ರಿಯನ್ನು ಮರೆತಿಲ್ಲ. ಆಗಲೂ ಗಡಿಯೇ ಪ್ರಶ್ನೆಯಾಗಿತ್ತು: ಒಂದು ರಾಜ್ಯದ ಪೊಲೀಸರು ಬೆನ್ನು ಹತ್ತಿದರೆ ಇನ್ನೊಂದು ರಾಜ್ಯಕ್ಕೆ ಜಾರಿಕೊಳ್ಳಬಹುದಾದ ಜಾಗ ಅದು. ನಕ್ಸಲರನ್ನು ಎದುರಿಸಲು ರಾಜ್ಯ ಕಟ್ಟಿದ ಪಡೆ ಎಎನ್‌ಎಫ್, ಕಾರ್ಕಳವನ್ನು ನೆಲೆ ಮಾಡಿಕೊಂಡಿತ್ತು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಅದರ ಬೆನ್ನಿಗೆ ಉಳಿದವರೂ ಬಂದರು. ಆ ಬಳಿಕ ಸರ್ಕಾರ ಎಎನ್‌ಎಫ್‌ನ ಹುದ್ದೆಗಳಲ್ಲಿ ಒಂದಷ್ಟನ್ನು ಹೊಸದಾಗಿ ರಚಿಸಿದ ಮಾದಕವಸ್ತು ನಿಗ್ರಹ ಕಾರ್ಯಪಡೆಗೆ ಕೊಟ್ಟಿತು. ಕಾಡಿನಲ್ಲಿ ಬಂದೂಕು ಹಿಡಿದವರನ್ನು ಹುಡುಕುತ್ತಿದ್ದ ಇಲಾಖೆ ಈಗ ಪೇಟೆಯಲ್ಲಿ ಪೊಟ್ಟಣ ಮಾರುವವರನ್ನು ಹುಡುಕಬೇಕಾಗಿದೆ.

2023ರಲ್ಲಿ ರಾಜ್ಯದ ಗೃಹ ಖಾತೆ ವಹಿಸಿಕೊಂಡ ಡಾ. ಜಿ. ಪರಮೇಶ್ವರ ಅವರು ಕೊರಟಗೆರೆಯ ಶಾಸಕರು. ಮೊದಲು ಮಧುಗಿರಿಯಿಂದ ಗೆದ್ದವರು. ಈ ನಾಲ್ಕು ತಾಲ್ಲೂಕಿನ ಗಡಿಯನ್ನು ಅವರಿಗೆ ಯಾರೂ ನಕ್ಷೆಯಲ್ಲಿ ತೋರಿಸಬೇಕಿಲ್ಲ. ಆಂಧ್ರ ಸರ್ಕಾರವೂ 2024ರ ನವೆಂಬರ್‌ನಲ್ಲಿ ‘ಈಗಲ್’ ಎಂಬ ಪ್ರತ್ಯೇಕ ದಳ ಕಟ್ಟಿಕೊಂಡು 1972 ಎಂಬ ಸಹಾಯವಾಣಿ ತೆರೆದಿದೆ. ನಮ್ಮಲ್ಲಿ ಕಾರ್ಯಪಡೆ, ಅವರಲ್ಲಿ ಈಗಲ್. ಎರಡಕ್ಕೂ ನಡುವೆ ಕೊಂಡಿ ಎಲ್ಲಿ?

ಕೊಂಡಿಗೆ ಬೇಕಾದ ಚೌಕಟ್ಟು ಕೇಂದ್ರದ ಕಡತದಲ್ಲಿದೆ. ಎನ್‌ಕಾರ್ಡ್ ಎಂಬ ಸಮನ್ವಯ ವ್ಯವಸ್ಥೆ 2016ರಲ್ಲಿ ಹುಟ್ಟಿ, 2019ರಲ್ಲಿ ನಾಲ್ಕು ಹಂತಗಳದ್ದಾಯಿತು. ಕೆಳಗಿನ ಹಂತ ಜಿಲ್ಲೆಯದು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪೊಲೀಸ್, ಅಬಕಾರಿ, ಅರಣ್ಯ, ಆರೋಗ್ಯ, ಶಿಕ್ಷಣ ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬೇಕೆಂಬುದು ಆಶಯ. ಕೊರತೆ ಎಂದರೆ ಮೇಜು ಜಿಲ್ಲೆಯ ಗಡಿಯಲ್ಲೇ ಮುಗಿಯುತ್ತದೆ. ತುಮಕೂರು ಮತ್ತು ಶ್ರೀ ಸತ್ಯಸಾಯಿ, ಈ ಎರಡು ಜಿಲ್ಲೆಗಳ ಸಮಿತಿಗಳು ಮೂರು ತಿಂಗಳಿಗೊಮ್ಮೆ ಒಟ್ಟಿಗೆ, ಒಮ್ಮೆ ಮಧುಗಿರಿಯಲ್ಲಿ ಒಮ್ಮೆ ಹಿಂದೂಪುರದಲ್ಲಿ ಕೂರಬೇಕು ಎಂಬುದು ನನ್ನ ಒತ್ತಾಯ. ಚುನಾವಣೆ ಬಂದಾಗ ಗಡಿಯಲ್ಲಿ ಚೆಕ್‌ಪೋಸ್ಟ್ ಏಳುತ್ತದೆ, ಎರಡು ರಾಜ್ಯದ ಅಧಿಕಾರಿಗಳ ಸಭೆ ನಡೆಯುತ್ತದೆ, ವಾಟ್ಸ್‌ಆ್ಯಪ್ ಗುಂಪು ಹುಟ್ಟುತ್ತದೆ. ಫಲಿತಾಂಶ ಬಂದ ಮೇಲೆ ಎಲ್ಲವೂ ಮಾಯ. ಹೆಂಡ, ಹಣ ಹಿಡಿಯಲು ಎರಡು ತಿಂಗಳು ಸಾಧ್ಯವಾದದ್ದು ಮಕ್ಕಳನ್ನು ಕಾಯಲು ವರ್ಷವಿಡೀ ಏಕೆ ಸಾಧ್ಯವಿಲ್ಲ?

ರೈಲಿನ ದಾರಿಯನ್ನೂ ಮರೆಯಬಾರದು. ವಿಶಾಖಪಟ್ಟಣದ ಕಡೆಯಿಂದ ಬೆಂಗಳೂರಿಗೆ ಬರುವ ಕೆಲವು ರೈಲುಗಳು ಧರ್ಮಾವರ, ಹಿಂದೂಪುರ ಹಾದು ಬರುತ್ತವೆ. ತುಮಕೂರು–ರಾಯದುರ್ಗ ಮಾರ್ಗ ಪೂರ್ತಿಯಾದ ದಿನ ಕೊರಟಗೆರೆ, ಮಧುಗಿರಿ, ಪಾವಗಡಗಳಿಗೂ ರೈಲು ಬರುತ್ತದೆ. ಅದು ಬರಲಿ, ಈ ಜನ ಎಷ್ಟೋ ವರ್ಷದಿಂದ ಕಾದಿದ್ದಾರೆ. ನಿಲ್ದಾಣ ಕಟ್ಟುವಾಗಲೇ ರೈಲ್ವೆ ರಕ್ಷಣಾ ಪಡೆಯ ಹೊರಠಾಣೆಯನ್ನೂ ಯೋಜಿಸಿದರೆ ಒಳ್ಳೆಯದು.

ಕಾರ್ಖಾನೆಯ ಮಾದಕಗಳ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ತಮ್ಮ ಊರಿನ ಸಣ್ಣ ಪ್ರಕರಣದ ಜಾಡು ಹಿಡಿದು ಬಂದು ಮೈಸೂರಿನಲ್ಲಿ ಮೆಫೆಡ್ರೋನ್ ತಯಾರಿಸುವ ಘಟಕವನ್ನೇ ಪತ್ತೆ ಮಾಡಿದರು. ಅದಕ್ಕೆ ಮೊದಲು, 2024ರ ಅಕ್ಟೋಬರ್‌ನಲ್ಲಿ, ಭೋಪಾಲ್‌ನ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಅದೇ ಮೆಫೆಡ್ರೋನ್ 907 ಕಿಲೊ ಸಿಕ್ಕಿತ್ತು. ಬಾಡಿಗೆಗೆ ಕೊಟ್ಟ ಶೆಡ್ಡಿನೊಳಗೆ ಏನು ನಡೆಯುತ್ತಿದೆ ಎಂದು ಮಾಲೀಕರು ವಿಚಾರಿಸುವುದು ಒಳ್ಳೆಯದು. ಇದು ಕೊರಟಗೆರೆ, ಶಿರಾ ಕಡೆಯ ಕೈಗಾರಿಕಾ ಪ್ರದೇಶಗಳಿಗೂ ಅನ್ವಯಿಸುವ ಎಚ್ಚರಿಕೆ.

ನಮ್ಮ ದೇಶವನ್ನು ಬರೀ ಬಲಿಪಶುವೆಂದು ಚಿತ್ರಿಸುವುದು ಪ್ರಾಮಾಣಿಕತೆಯಲ್ಲ. 2017ರಲ್ಲಿ ಇಟಲಿಯ ಜೆನೋವಾ ಬಂದರಿನಲ್ಲಿ 3 ಕೋಟಿ 70 ಲಕ್ಷ ಟ್ರಾಮಡಾಲ್ ಮಾತ್ರೆಗಳು ಸಿಕ್ಕವು. ಅದೇ ವರ್ಷ ಜೋಯಾ ತೌರೊ ಬಂದರಿನಲ್ಲಿ ಮತ್ತೆ 2 ಕೋಟಿ 40 ಲಕ್ಷ. ಎರಡೂ ಹೊರಟದ್ದು ಭಾರತದಿಂದ. ಹೋಗುತ್ತಿದ್ದದ್ದು ಕಾದಾಟದಲ್ಲಿ ಬೇಯುತ್ತಿದ್ದ ಲಿಬಿಯಾಕ್ಕೆ. ನೋವು ನಿವಾರಕ ಗುಳಿಗೆ ಬಂದೂಕುಧಾರಿಗಳ ಕೈಯಲ್ಲಿ ನಶೆಯೂ ಆಗುತ್ತದೆ, ವ್ಯಾಪಾರವೂ ಆಗುತ್ತದೆ. 2018ರ ಏಪ್ರಿಲ್‌ನಲ್ಲಿ ಭಾರತ ಟ್ರಾಮಡಾಲನ್ನು ಎನ್‌ಡಿಪಿಎಸ್ ವ್ಯಾಪ್ತಿಗೆ ತಂದಿತು. ಆಗ ಟಪೆಂಟಡಾಲ್ ಎಂಬ ಇನ್ನೊಂದು ನೋವು ನಿವಾರಕ ಮುಂದೆ ಬಂತು. ಅದನ್ನು ಕ್ಯಾರಿಸೊಪ್ರೊಡಾಲ್ ಜೊತೆ ಬೆರೆಸಿ ಪಶ್ಚಿಮ ಆಫ್ರಿಕಾಕ್ಕೆ ಕಳಿಸುತ್ತಿದ್ದುದು ಬಿಬಿಸಿ ತನಿಖೆಯಿಂದ ಹೊರಬಿದ್ದ ಮೇಲೆ, 2025ರ ಫೆಬ್ರುವರಿಯಲ್ಲಿ ಆ ಮಿಶ್ರಣದ ತಯಾರಿಕೆ, ರಫ್ತು ಎರಡನ್ನೂ ಕೇಂದ್ರ ನಿಲ್ಲಿಸಿತು. ಅಂತರರಾಷ್ಟ್ರೀಯ ಸಹಕಾರ ಎಂದರೆ ಬೇರೆಯವರಿಂದ ನಮ್ಮನ್ನು ಕಾಪಾಡಿಕೊಳ್ಳುವುದಷ್ಟೇ ಅಲ್ಲ, ನಮ್ಮಿಂದ ಬೇರೆಯವರನ್ನು ಕಾಪಾಡುವುದೂ ಹೌದು. ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಇಂಥ ಮಾತ್ರೆ ಕೊಡುವವರೂ ಇದೇ ಸರಪಳಿಯ ಒಂದು ಕೊಂಡಿ.

ಗಾಂಜಾ ಹೊರಗಿನಿಂದ ಮಾತ್ರ ಬರುವುದಿಲ್ಲ. ತೊಗರಿ, ಜೋಳ, ಕಬ್ಬಿನ ಸಾಲುಗಳ ನಡುವೆ ಗಿಡ ಸಿಕ್ಕ ಪ್ರಕರಣಗಳು ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಆಗಿವೆ. ಕಾಯ್ದೆಯ ಎರಡು ಕಲಮುಗಳು ಹಳ್ಳಿಗಳಲ್ಲಿ ಹೆಚ್ಚಿನವರಿಗೆ ತಿಳಿದೇ ಇಲ್ಲ. 46ನೇ ಕಲಮಿನ ಪ್ರಕಾರ ತನ್ನ ಜಮೀನಿನಲ್ಲಿ ಗಾಂಜಾ ಬೆಳೆದಿರುವುದು ತಿಳಿದ ರೈತ ಕೂಡಲೇ ತಿಳಿಸಬೇಕು. ತಿಳಿದೂ ಸುಮ್ಮನಿದ್ದರೆ ಶಿಕ್ಷೆ. ಗುತ್ತಿಗೆಗೆ ಹೊಲ ಕೊಟ್ಟು ಬೆಂಗಳೂರು ಸೇರಿದವರು ಇದನ್ನು ಗಮನಿಸಬೇಕು. 47ನೇ ಕಲಮು ಸರ್ಕಾರಿ ನೌಕರರ ಜೊತೆ ಪಂಚಾಯಿತಿಯವರನ್ನೂ ಇದೇ ಹೊಣೆಗೆ ಕಟ್ಟಿಹಾಕಿದೆ. ಗ್ರಾಮ ಆಡಳಿತಾಧಿಕಾರಿ ಬೆಳೆ ಸಮೀಕ್ಷೆಗೆ ಹೊಲ ಹೊಲಕ್ಕೂ ಹೋಗುತ್ತಾರೆ. ಆ ಕಣ್ಣಿಗಿಂತ ಚೂಪಾದ ಉಪಗ್ರಹ ನಮಗೆ ಬೇಡ.

ನನ್ನ ಮನಸ್ಸನ್ನು ಹೆಚ್ಚು ಕೊರೆಯುವುದು ಮಾತ್ರ ಕೊನೆಯ ಕೊಂಡಿ, ಸೇದುವ ಹುಡುಗ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸುವವರು 3 ಕೋಟಿಗೂ ಹೆಚ್ಚು. ಅದರಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 72 ಲಕ್ಷ. ಮಾದಕವಸ್ತುಗಳಿಗೆ ದಾಸರಾದ ಇಪ್ಪತ್ತು ಜನರಲ್ಲಿ ಒಬ್ಬರಿಗಷ್ಟೇ ಆಸ್ಪತ್ರೆ ಸೇರಿ ಪಡೆಯುವ ಚಿಕಿತ್ಸೆ ಸಿಕ್ಕಿದೆ. ಉಳಿದ ಹತ್ತೊಂಬತ್ತು ಜನರ ಮನೆಗಳಲ್ಲಿ ತಾಯಿ ವಿಷಯ ಮುಚ್ಚಿಡುತ್ತಾಳೆ, ತಂದೆ ಹೊಡೆಯುತ್ತಾನೆ, ಊರು ಆಡಿಕೊಳ್ಳುತ್ತದೆ. ಠಾಣೆಗೆ ಹೋದರೆ ಮಗ ಜೈಲು ಪಾಲಾದಾನು ಎಂಬ ಭಯ. ಈ ಭಯಕ್ಕೆ ಕಾನೂನಿನಲ್ಲೇ ಮದ್ದು ಇದೆ. ಅಲ್ಪ ಪ್ರಮಾಣದ ಅಥವಾ ಸೇವನೆಯ ಪ್ರಕರಣದಲ್ಲಿ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ 64ಎ ಕಲಮು ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೇ ಷರತ್ತು. ಈ ಕಲಮನ್ನು ಪ್ರತಿ ಪಿಯು ಕಾಲೇಜಿನ ಗೋಡೆಯ ಮೇಲೆ, ಶಿಕ್ಷೆಯ ಕಲಮುಗಳಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಜೂನ್ 26ರಂದು ವಿಶ್ವ ಮಾದಕವಸ್ತು ವಿರೋಧಿ ದಿನದ ಜಾಥಾಗಳು ನಮ್ಮ ಪೇಟೆಗಳಲ್ಲೂ ನಡೆಯುತ್ತವೆ. ಮಕ್ಕಳು ಬಿಸಿಲಲ್ಲಿ ಫಲಕ ಹಿಡಿದು ನಡೆಯುತ್ತಾರೆ, ಫೋಟೊ ತೆಗೆಯುತ್ತಾರೆ. ಆ ಮಕ್ಕಳಲ್ಲಿ ಒಬ್ಬನಿಗೆ ಅಂದು ಸಂಜೆ ಮಾತಾಡಬೇಕೆನಿಸಿದರೆ ಯಾರ ಹತ್ತಿರ ಹೋಗಬೇಕು ಎಂಬುದು ಫಲಕದಲ್ಲಿ ಇರುವುದಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಸೇವೆ ಸಿಗಬೇಕೆಂಬ ನಿಯಮವಿದೆ; ಪಾವಗಡದಂಥ ದೂರದ ತಾಲ್ಲೂಕಿಗೆ ಅದು ವಾರ ತಪ್ಪದೆ ಮುಟ್ಟುವಂತೆ ನೋಡಿಕೊಳ್ಳುವುದು ಜಿಲ್ಲಾಡಳಿತದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ದೇಶಕ್ಕೇ ಮಾದರಿ. ಆದರೆ ಕೂಲಿ ಬಿಟ್ಟು ಮಗನನ್ನು ತಿಂಗಳಿಗೆರಡು ಸಲ ಅಲ್ಲಿಗೆ ಕರೆದೊಯ್ಯುವ ಶಕ್ತಿ ಗಡಿ ಹಳ್ಳಿಯ ತಾಯಿಗೆ ಇಲ್ಲ. ಮದ್ದು ಮಧುಗಿರಿಗೆ ಬರಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರಲ್ಲಿ ನನ್ನ ಬೇಡಿಕೆ ಎರಡು. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಹುಡುಗ ಸೇದುತ್ತಿದ್ದರೆ ಹೊಡೆಯುವ ಮುಂಚೆ 14446ಕ್ಕೆ ಕರೆ ಮಾಡಿ. ಅದು ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಮಾರುವವನು ಗೊತ್ತಿದ್ದರೆ 1933ಕ್ಕೆ ತಿಳಿಸಿ. 2024ರ ಜುಲೈನಲ್ಲಿ ಶುರುವಾದ ಈ ರಾಷ್ಟ್ರೀಯ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ನಿಮ್ಮ ಹೆಸರು ಹೊರಗೆ ಬರುವುದಿಲ್ಲ.